ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ ಹಾಕಿಸಿದರೆ ಟರ್ಬೊ ಕಾರಿನ ಪವರ್ ಹೆಚ್ಚುತ್ತದೆಯೇ?

"ಟರ್ಬೊ ಕಾರಿಗೆ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ ಹಾಕಿಸಿ, ಗಟ್ಟಿ ಸ್ಪ್ರಿಂಗ್ ಕೂರಿಸಿ, ಪವರ್ ತಾನಾಗಿಯೇ ಏರುತ್ತದೆ." ಇಂಥದೊಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಅರ್ಧ ಸತ್ಯ. ಅರ್ಧ ಸತ್ಯ ನಂಬಿ ಕೈಹಾಕಿದರೆ ಎಂಜಿನ್ನೇ ಹೋಗಬಹುದು. ಹಾಗಾಗಿ ವೇಸ್ಟ್‌ಗೇಟ್ ಮಾಡುವ ಕೆಲಸವೇನು, ಜೋಡಿಸುವ ಸರಿಯಾದ ಕ್ರಮ ಯಾವುದು ಎಂದು ನೋಡೋಣ.

ವೇಸ್ಟ್‌ಗೇಟ್ ಎಂದರೇನು?

ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಟರ್ಬೊದ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ಹೆಚ್ಚುವರಿ ಒತ್ತಡವೇ ಬೂಸ್ಟ್. ಬೂಸ್ಟ್ ಏರಿದರೆ ಹೊಗೆ ಹೆಚ್ಚುತ್ತದೆ, ಹೊಗೆ ಹೆಚ್ಚಿದರೆ ಬೂಸ್ಟ್ ಮತ್ತೂ ಏರುತ್ತದೆ.

ಕೆರೆಗೆ ಕೋಡಿ ಏಕೆ ಬೇಕು? ಹೆಚ್ಚಾದ ನೀರು ಹರಿದುಹೋಗಿ ಏರಿ ಉಳಿಯಲಿ ಎಂದು. ವೇಸ್ಟ್‌ಗೇಟ್ ಟರ್ಬೊದ ಕೋಡಿ ಇದ್ದಂತೆ. ನಿಗದಿತ ಒತ್ತಡ ಬಂದಾಗ ಅದು ತೆರೆದುಕೊಂಡು, ಒಂದಷ್ಟು ಹೊಗೆಯನ್ನು ಟರ್ಬೈನ್‌ಗೆ ತಾಗದಂತೆ ಪಕ್ಕದಿಂದ ಹೊರಬಿಡುತ್ತದೆ. ಅಂದರೆ ವೇಸ್ಟ್‌ಗೇಟ್ ಪವರ್ ಕೊಡುವ ಭಾಗವಲ್ಲ, ಮಿತಿ ಹಾಕುವ ಭಾಗ.

ಸಾಮಾನ್ಯ ಪೆಟ್ರೋಲ್ ಟರ್ಬೊ ಕಾರುಗಳಲ್ಲಿ ಇದು ಟರ್ಬೊದ ಒಳಗೇ ಇರುವ ಸಣ್ಣ ಮುಚ್ಚಳ. ಎಕ್ಸ್‌ಟರ್ನಲ್ ಮಾದರಿ ಎಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಪ್ರತ್ಯೇಕವಾಗಿ ಕೂರಿಸುವ ವಾಲ್ವ್. ಹೆಚ್ಚು ಹೊಗೆ ದಾಟಿಸಬಲ್ಲದು, ಹಿಡಿತವೂ ನಿಖರ. ರೇಸ್ ಕಾರುಗಳಲ್ಲಿ ಇದನ್ನು ಬಳಸುವುದು ಅದಕ್ಕೇ.

ಜೋಡಿಸುವಾಗ ಗಮನಿಸಬೇಕಾದ್ದೇನು?

1. ಜಾಗ: ಎಲ್ಲ ಸಿಲಿಂಡರ್‌ಗಳ ಹೊಗೆ ಒಂದಾಗುವಲ್ಲಿಂದ ಪೈಪ್ ಕವಲೊಡೆಯಬೇಕು, ಹೊಗೆ ಹರಿಯುವ ದಿಕ್ಕಿಗೇ ಓರೆಯಾಗಿರಬೇಕು. ಲಂಬವಾಗಿ ಬೆಸುಗೆ ಹಾಕಿದರೆ ಹೊಗೆ ಅತ್ತ ತಿರುಗುವುದೇ ಕಷ್ಟ. ಆಗ ವಾಲ್ವ್ ಪೂರ್ತಿ ತೆರೆದರೂ ಆರ್‌ಪಿಎಂ ಜೊತೆ ಬೂಸ್ಟ್ ಏರುತ್ತಲೇ ಹೋಗಬಹುದು.

2. ಗಾತ್ರ: ದೊಡ್ಡ ಪವರ್‌ಗೆ ದೊಡ್ಡ ವೇಸ್ಟ್‌ಗೇಟ್ ಎಂಬುದು ತಪ್ಪು ಲೆಕ್ಕ. ಒಂದೇ ಎಂಜಿನ್, ಒಂದೇ ಟರ್ಬೊದಲ್ಲಿ ಬೂಸ್ಟ್ ಕಡಿಮೆ ಇಡಬೇಕೆಂದರೆ ಹೆಚ್ಚು ಹೊಗೆಯನ್ನು ಪಕ್ಕಕ್ಕೆ ಬಿಡಬೇಕು. ಅದಕ್ಕೇ ದೊಡ್ಡ ವಾಲ್ವ್ ಬೇಕು.

3. ಸ್ಪ್ರಿಂಗ್: ನೀವು ಪಡೆಯಬಹುದಾದ ಅತಿ ಕಡಿಮೆ ಬೂಸ್ಟನ್ನು ಸ್ಪ್ರಿಂಗ್ ನಿರ್ಧರಿಸುತ್ತದೆ. 0.5 ಬಾರ್ ಸ್ಪ್ರಿಂಗ್ ಹಾಕಿದರೆ ಸುಮಾರು 0.5 ಬಾರ್, ಅಂದರೆ 7 ಪಿಎಸ್‌ಐ. ಮೊದಲು ಮೆದು ಸ್ಪ್ರಿಂಗ್‌ನಿಂದಲೇ ಶುರುಮಾಡಬೇಕು. ಬೂಸ್ಟ್ ಕಂಟ್ರೋಲರ್ ಬಳಸಿ ಬೂಸ್ಟ್ ಏರಿಸಬಹುದು, ಆದರೆ ಸ್ಪ್ರಿಂಗ್ ಮಿತಿಗಿಂತ ಕೆಳಗಿಳಿಸಲು ಆಗದು.

4. ಹೋಸ್: ಅತಿ ದುಬಾರಿ ತಪ್ಪು ಆಗುವುದು ಇಲ್ಲೇ. ಕಂಪ್ರೆಸರ್‌ನಿಂದ ಬರುವ ಒತ್ತಡದ ಹೋಸ್, ಡಯಾಫ್ರಮ್‌ನ ಕೆಳಗಿನ ಪೋರ್ಟ್‌ಗೆ ಹೋಗಬೇಕು. ಅಲ್ಲಿ ಒತ್ತಡ ಬಿದ್ದಾಗ ವಾಲ್ವ್ ತೆರೆಯುತ್ತದೆ. ಕಂಟ್ರೋಲರ್ ಇಲ್ಲದಿದ್ದರೆ ಮೇಲಿನ ಪೋರ್ಟ್ ಗಾಳಿಗೆ ತೆರೆದಿರಬೇಕು. ಹೋಸನ್ನು ಮೇಲಿನ ಪೋರ್ಟ್‌ಗೆ ಮಾತ್ರ ಹಾಕಿದರೆ ಒತ್ತಡ ಸ್ಪ್ರಿಂಗ್‌ಗೇ ನೆರವಾಗಿ ವಾಲ್ವ್ ಮುಚ್ಚಿಕೊಂಡೇ ಇರುತ್ತದೆ. ಹೋಸ್ ಕಳಚಿದರೂ, ಶಾಖಕ್ಕೆ ತೂತಾದರೂ ಫಲ ಹೆಚ್ಚುಕಡಿಮೆ ಅದೇ. ಆದ್ದರಿಂದ ಕ್ಲ್ಯಾಂಪ್ ಬಿಗಿಯಾಗಿರಲಿ, ಹೋಸ್ ಮ್ಯಾನಿಫೋಲ್ಡ್‌ನಿಂದ ದೂರವಿರಲಿ.

ಬೂಸ್ಟ್ ಮಿತಿಮೀರಿದರೆ?

ಗಾಳಿ ಹೆಚ್ಚಾದಾಗ ಇಂಧನವೂ, ಸ್ಪಾರ್ಕ್ ಸಮಯವೂ ಅದಕ್ಕೆ ಹೊಂದಬೇಕು. ಇಸಿಯು ಟ್ಯೂನ್ ಮಾಡಿಸದೆ ಬೂಸ್ಟ್ ಏರಿಸಿದರೆ ಪೆಟ್ರೋಲ್ ಎಂಜಿನ್‌ನಲ್ಲಿ ಮಿಶ್ರಣ ತಾನಾಗಿ ಹೊತ್ತಿಕೊಂಡು ಟಕಟಕ ಬಡಿತ, ಅಂದರೆ ನಾಕಿಂಗ್, ಶುರುವಾಗಬಹುದು. ಮುಂದೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಪಿಸ್ಟನ್ ಒಡೆಯಬಹುದು. ಗಟ್ಟಿ ಸ್ಪ್ರಿಂಗ್ ಹಾಕುವುದೆಂದರೆ ಕೋಡಿಗೆ ಮರಳಿನ ಮೂಟೆ ಪೇರಿಸಿದ ಹಾಗೆ: ನೀರೇನೋ ಹೆಚ್ಚು ನಿಲ್ಲುತ್ತದೆ, ಏರಿ ತಾಳುತ್ತದೆಯೇ ಎಂಬುದೇ ಪ್ರಶ್ನೆ.

ವೇಸ್ಟ್‌ಗೇಟ್ ಹೊಗೆಯನ್ನು ಬಾನೆಟ್ ಒಳಗೇ ಬಿಡುವುದೂ ಅಪಾಯ. ಅದರಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವಿರುತ್ತದೆ. ಅದು ಕಾರಿನೊಳಗೆ ಸೇರಿದರೆ ಜೀವಕ್ಕೇ ಕುತ್ತು.

ಕಾನೂನು ಏನನ್ನುತ್ತದೆ?

ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಇಂಥ ಪ್ರಯೋಗಕ್ಕೆ ರೇಸ್ ಟ್ರ್ಯಾಕ್ ಸರಿಯಾದ ಜಾಗ, ದಿನನಿತ್ಯದ ರಸ್ತೆಯಲ್ಲ.

ಕೊನೆಯ ಮಾತು

ವೇಸ್ಟ್‌ಗೇಟ್ ಎಂಜಿನ್ ಕಾಯುವ ಕೋಡಿ. ಅದನ್ನು ಪವರ್ ಕೊಡುವ ಯಂತ್ರ ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಕೆಳಗಿನ ಪೋರ್ಟ್‌ಗೆ ಹೋಸ್ ಎಲ್ಲಿಂದ ಬರುತ್ತದೆ?" ಉತ್ತರ ಗೊತ್ತಿಲ್ಲದವರ ಸಲಹೆ ಕೇಳಿ ಸ್ಪ್ಯಾನರ್ ಹಿಡಿಯಬೇಡಿ.