ಕೊಡೈಮಲೆಯ ಪಾದರಸ

ಒಡ್ಡನ್‌ಛತ್ರದ ತರಕಾರಿ ಪೇಟೆಯಿಂದ ದಕ್ಷಿಣಕ್ಕೆ ದೃಷ್ಟಿ ಹರಿಸಿದವರಿಗೆ ಪಳನಿ ಬೆಟ್ಟಸಾಲು ನೀಲಿಯ ಗೋಡೆಯಂತೆ ತೋರುವುದು. ಅದರ ಈಚಿನ ಇಳಿಜಾರಿನ ನೀರು ಪರಪ್ಪಲಾರಾಗಿ ನಮ್ಮ ಕಡೆಗೆ ಬರುವುದು. ಆಚಿನ ನೀರು ಪಾಂಬಾರ್ ಹೊಳೆಯಾಗಿ ಕುಂಬಕ್ಕರೈ ಜಲಪಾತದಲ್ಲಿ ಧುಮುಕಿ, ಪೆರಿಯಕುಳದ ದಿಕ್ಕಿನಲ್ಲಿ ವೈಗೈ ಸೀಮೆಗೆ ಇಳಿಯುವುದು. ತೇನಿ ಜಿಲ್ಲೆಯಲ್ಲಿಯೂ ಕನ್ನಡವಾಡುವ ಬಂಧುಗಳು ನಮಗಿರುವುದರಿಂದ, ಬೆಟ್ಟದ ನೆತ್ತಿಯಲ್ಲಿ ನಡೆದ ಸಂಗತಿ ನಮಗೆ ಪರರ ಸಂಗತಿಯಲ್ಲ.

ಅಮೆರಿಕದ ವಾಟರ್‌ಟೌನ್ ಎಂಬ ಊರಿನಲ್ಲಿದ್ದ ಉಷ್ಣಮಾಪಕದ ಕಾರ್ಖಾನೆಯೊಂದು 1983ರ ಸುಮಾರಿಗೆ ಕೊಡೈಕೆನಾಲಿಗೆ ಬಂದಿತು. ಜ್ವರ ನೋಡುವ ಗಾಜಿನ ಕಡ್ಡಿಗಳನ್ನು ಇಲ್ಲಿ ತಯಾರಿಸಿ ಹೊರದೇಶಗಳಿಗೆ ಕಳುಹಿಸುತ್ತಿದ್ದರು. ಮೊದಲು ಪಾಂಡ್ಸ್ ಸಂಸ್ಥೆಯದಾಗಿದ್ದ ಅದು ಅನಂತರ ಹಿಂದುಸ್ಥಾನ್ ಲೀವರ್ ಸಂಸ್ಥೆಯ ವಶವಾಯಿತು. ಕಾರ್ಖಾನೆಯ ಕೆಳಗೇ ಪಾಂಬಾರ್ ಶೋಲೆಯ ದಟ್ಟ ಕಾಡು.

ಚಂಚಲಚಿತ್ತವನ್ನು ಪಾದರಸಕ್ಕೆ ಹೋಲಿಸುವ ರೂಢಿ ನಮ್ಮಲ್ಲುಂಟು. ರಸಾಯನವನ್ನು ಓದದವರೂ ಅದರ ಸ್ವಭಾವವನ್ನು ಸರಿಯಾಗಿಯೇ ಕಂಡಿದ್ದರು. ಅದು ನೀರಿಗಿಂತ ಹದಿಮೂರೂವರೆ ಪಟ್ಟು ಭಾರವುಳ್ಳದ್ದಾದರೂ ಬೆಂಕಿಯ ಹಂಗಿಲ್ಲದೆ, ಸಾಧಾರಣ ಉಷ್ಣದಲ್ಲಿಯೇ ಆವಿಯಾಗುವುದು. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು ನರಗಳನ್ನೂ ಮೂತ್ರಪಿಂಡಗಳನ್ನೂ ಬಾಧಿಸುವುದು. ಕೆರೆಯ ಕೆಸರಿಗೆ ಸೇರಿದರೆ ಸೂಕ್ಷ್ಮಜೀವಿಗಳಿಂದ ಇನ್ನೂ ಘೋರವಾದ ರೂಪ ತಾಳಿ ಮೀನುಗಳಲ್ಲಿ ಸಂಚಯವಾಗುವುದು. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ವ್ಯಾಧಿಯ ಮೂಲ ಇದೇ.

2001ರ ಮಾರ್ಚಿಯಲ್ಲಿ ಕೊಡೈಕೆನಾಲಿನ ಮೂಂಜಿಕ್ಕಲ್ಲಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಹತ್ತಿದ ಒಡಕು ಗಾಜಿನ ರಾಶಿ, ಸುಮಾರು 7.4 ಟನ್, ಊರವರ ಹಾಗೂ ಗ್ರೀನ್‌ಪೀಸ್ ಸಂಸ್ಥೆಯವರ ಕಣ್ಣಿಗೆ ಬಿದ್ದಿತು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಪಾದರಸವುಳ್ಳ ಸುಮಾರು 290 ಟನ್ ತ್ಯಾಜ್ಯವು ಹಡಗೇರಿ ಅಮೆರಿಕಕ್ಕೆ ಮರಳಿತು. ಬಂದ ದಾರಿಯಲ್ಲಿಯೇ ವಿಷ ಹಿಂದಿರುಗಿದ ಉದಾಹರಣೆ ವಿರಳ!

ಆದರೆ ಗಾಳಿಗೆ ಹೋದದ್ದೆಷ್ಟು, ಮಣ್ಣಿಗಿಳಿದದ್ದೆಷ್ಟು, ದೇಹಗಳಲ್ಲಿ ನಿಂತದ್ದೆಷ್ಟು? ಇಲ್ಲಿಯೇ ಪರಿಣಾಮಗಣನೆಯ ಕಷ್ಟ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಿದ್ದಾಗ ಅನಾಹುತ ಕೆಲವೇ ಘಂಟೆಗಳಲ್ಲಿ ಕಣ್ಣೆದುರಿಗೆ ಬಂದಿತು. ವಾಯುವಿಗಿಂತ ಭಾರವಾದ ಆ ವಿಷ ನೆಲವನ್ನೇ ಹಿಡಿದು ಗುಡಿಸಲುಗಳನ್ನು ಹೊಕ್ಕಿತು. ಸಾವಿರಾರು ಜನ ಅಳಿದರು. ಅಂಥ ತುರ್ತಿನಲ್ಲಿ ಲೆಕ್ಕಹಾಕಬೇಕಾದವರು ಕೇಳುವುದು ಮೂರು ನಾಲ್ಕು ಪ್ರಶ್ನೆಗಳನ್ನು: ಯಾವ ವಸ್ತು, ಎಷ್ಟು, ಗಾಳಿ ಯಾವ ಕಡೆಗೆ, ಆ ಕಡೆ ಮನೆಗಳೆಷ್ಟು? ಭೋಪಾಲದ ವೈದ್ಯರಿಗೆ ಮೊದಲನೆಯ ಪ್ರಶ್ನೆಗೇ ಸಕಾಲದಲ್ಲಿ ಉತ್ತರ ದೊರೆಯಲಿಲ್ಲ. ಆ ದುರಂತದ ತರುವಾಯ 1986ರ ಪರಿಸರ ಸಂರಕ್ಷಣಾ ಶಾಸನವೂ, ಅಪಾಯಕರ ರಾಸಾಯನಿಕಗಳ ಬಗೆಗೆ 1989ರ ನಿಯಮಗಳೂ ಬಂದವು. ದೊಡ್ಡ ಪ್ರಮಾಣದಲ್ಲಿ ಇಂಥವನ್ನು ಇರಿಸಿಕೊಳ್ಳುವ ಕಾರ್ಖಾನೆ ತನ್ನ ಆವರಣದೊಳಗಿನ ಯೋಜನೆಯನ್ನೂ, ಸರ್ಕಾರದ ಅಧಿಕಾರಿಗಳು ಹೊರಗಿನ ಯೋಜನೆಯನ್ನೂ ಮುಂಚಿತವಾಗಿ ಸಿದ್ಧಪಡಿಸಬೇಕೆಂಬುದು ಆ ನಿಯಮಗಳಿಂದ ಕಡ್ಡಾಯವಾಯಿತು.

ಕೊಡೈಮಲೆಯಲ್ಲಿ ಅಂಥ ರಾತ್ರಿಯೊಂದು ಬರಲಿಲ್ಲ, ಘಂಟೆ ಬಾರಿಸಲಿಲ್ಲ. ಒಂದು ಉಷ್ಣಮಾಪಕದಲ್ಲಿರುವುದು ಗ್ರಾಮಿನ ಆಸುಪಾಸಿನ ಪಾದರಸ. ಒಡೆದದ್ದು, ಚೆಲ್ಲಿದ್ದು ದಿನದಿನವೂ ಸೇರಿ ಹದಿನೆಂಟು ವರ್ಷಗಳಾದವು. ಹೀಗೆ ಹನಿಹನಿಯಾಗಿ ಬಂದ ಆಪತ್ತನ್ನು ಅಳೆಯಲು ಆಯಾ ಕಾಲದಲ್ಲಿಯೇ ಬರೆದಿಟ್ಟ ಕಡತಗಳು ಬೇಕು. ಕಾಯಿಲೆಬಿದ್ದ ಕಾರ್ಮಿಕನ ಮಾತನ್ನು ಹತ್ತು ವರ್ಷಗಳ ಮೇಲೆ ಪರೀಕ್ಷಾಲಯ ದೃಢಪಡಿಸುವುದು ಸುಲಭವಲ್ಲ. ರಕ್ತದ ಪಾದರಸ ಬಹುಕಾಲ ಅಲ್ಲಿಯೇ ಕಾದಿರುವುದಿಲ್ಲ. ಪುರಾವೆಯನ್ನು ರೋಗಿಯಿಂದಲೇ ಕೇಳುವ ಕ್ರಮ ನ್ಯಾಯವೆಂದು ನನಗೆ ತೋರುವುದಿಲ್ಲ. ಕೆಲಸಗಾರರು ಮದರಾಸಿನ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2016ರ ಮಾರ್ಚಿಯಲ್ಲಿ 591 ಮಂದಿ ಮಾಜಿ ಕಾರ್ಮಿಕರೊಡನೆ ಸಂಸ್ಥೆ ರಾಜಿಮಾಡಿಕೊಂಡಿತು. ಕಾರ್ಖಾನೆ ಮುಚ್ಚಿ ಆಗ ಹದಿನೈದು ವರ್ಷಗಳಾಗಿದ್ದವು.

ಮಣ್ಣಿನ ವ್ಯಾಜ್ಯ ಬೇರೆ. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿದರೆ ಸಾಕೆಂಬ ಮಿತಿಗೆ ಅಧಿಕಾರಿಗಳು ಒಪ್ಪಿದರು. ಶೋಲೆಯ ಅಂಚಿಗೆ ಅದು ಸಡಿಲವಾದ ಮಿತಿಯೆಂದು ಊರಿನವರೂ ಪರಿಸರವಾದಿಗಳೂ ವಾದಿಸಿದರು. ಮರಗಳನ್ನು ಕಡಿಯದೆ ಮಣ್ಣನ್ನು ತೆಗೆಯುವುದು ಹೇಗೆ, ಮರಗಳು ಹೋದರೆ ಮಳೆಗೆ ಕೊಚ್ಚಿಹೋಗುವ ಮಣ್ಣನ್ನು ತಡೆಯುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಒಂದನ್ನೊಂದು ಎದುರಿಸಿ ನಿಂತವು. ಆ ಇಳಿಜಾರಿನ ಕೆಳಗೆ ಪಾಂಬಾರ್ ಹರಿಯುತ್ತದೆ. ಕುಂಬಕ್ಕರೈಯ ಬಂಡೆಗಳ ಮೇಲೆ ರಜಾದಿನಗಳಲ್ಲಿ ನಮ್ಮ ಮಕ್ಕಳೂ ಸ್ನಾನಕ್ಕಿಳಿಯುತ್ತಾರೆ.