ಕೋಳಿಮೊಟ್ಟೆಯಲ್ಲಿ ಸಿಕ್ಕ ನರದ ಗುಟ್ಟು

ಬಿಸಿ ಪಾತ್ರೆ ತಾಗಿದರೆ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಆ ನೋವನ್ನು ತಿಳಿಸುವ ನರ ನಮ್ಮ ಮೈಯಲ್ಲಿ ಉಳಿದದ್ದು ಹೇಗೆ? ನಾವು ಇವತ್ತು ಹೇಳಹೊರಟಿರುವುದು ಆ ಹುಡುಕಾಟದ ಕಥೆ.

1938ರಲ್ಲಿ ಇಟಲಿಯ ಮುಸ್ಸೊಲಿನಿ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಟ್ಯೂರಿನ್ ನಗರದ ಯುವ ವೈದ್ಯೆ ರೀಟಾ ಲೆವಿ ಮೊಂಟಾಲ್ಚೀನಿ ಅವರಿಗೂ ಬಾಗಿಲು ಮುಚ್ಚಿತು. ಅವರು ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆ ಸೂಜಿ ಮಸೆದು ಉಪಕರಣ ಮಾಡಿಕೊಂಡರು. ಬಾಂಬ್ ದಾಳಿ ಜೋರಾದಾಗ ಹಳ್ಳಿ ಸೇರಿದರು. ಸೈಕಲ್ಲಿನಲ್ಲಿ ರೈತರ ಮನೆಮನೆಗೆ ಹೋಗಿ, ಮಕ್ಕಳಿಗೆ ಬೇಕೆಂದು ಮರಿಯಾಗುವ ಮೊಟ್ಟೆ ಕೇಳುತ್ತಿದ್ದರು. ಅವರಿಗೆ ಮಕ್ಕಳೇ ಇರಲಿಲ್ಲ!

ಮೊಟ್ಟೆಯೊಳಗಿನ ಭ್ರೂಣದ ಕಾಲಿನ ಮೊಳಕೆ ಕತ್ತರಿಸಿದರೆ, ಅದರತ್ತ ಹೊರಟ ನರಗಳು ಬೆಳೆಯಲು ಶುರುಮಾಡಿ ಆಮೇಲೆ ಸಾಯುತ್ತಿದ್ದವು. ಹಾಗಾದರೆ ಕಾಲಿನಿಂದ ನರಕ್ಕೆ ಏನೋ ಒಂದು ಸಿಗುತ್ತಿರಬೇಕು.

1947ರಲ್ಲಿ ರೀಟಾ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. 1952ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ, ಇಲಿಯ ಗಡ್ಡೆಯ ಪಕ್ಕ ಇಟ್ಟ ನರಗಂಟಿನಿಂದ ಸೂರ್ಯಕಿರಣದಂತೆ ಎಳೆಗಳು ಚಿಮ್ಮಿದ್ದನ್ನು ಕಂಡರು. ಜೊತೆಗಾರ ಸ್ಟ್ಯಾನ್ಲಿ ಕೋಹೆನ್ ಆ ವಸ್ತುವನ್ನು ಹಾವಿನ ವಿಷದಲ್ಲಿ, ಆಮೇಲೆ ಇಲಿಯ ಜೊಲ್ಲುಗ್ರಂಥಿಯಲ್ಲಿ ಹೇರಳವಾಗಿ ಕಂಡುಕೊಂಡರು. ಅದೇ ಎನ್‌ಜಿಎಫ್, ಅಂದರೆ ನರ ಬೆಳೆಸುವ ಪ್ರೋಟೀನು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆದರೆ ಈ ಪ್ರೋಟೀನಿನ ಮಾತನ್ನು ನರ ಕೇಳಿಸಿಕೊಳ್ಳುವುದು ಹೇಗೆ? ಉತ್ತರ 1991ರಲ್ಲಿ ಸಿಕ್ಕಿತು. ನರಕೋಶದ ಹೊದಿಕೆಯಲ್ಲಿ ಟ್ರ್ಯಾಕ್-ಎ ಎಂಬ ಗ್ರಾಹಕವಿದೆ. ಅರ್ಧ ಹೊರಗೆ, ಅರ್ಧ ಒಳಗೆ. ಒಂದೇ ಕೈಯಲ್ಲಿ ಚಪ್ಪಾಳೆ ಆಗದು ಅಂತೀವಲ್ಲ, ಇಲ್ಲೂ ಹಾಗೇ. ಎನ್‌ಜಿಎಫ್ ಬಂದು ಎರಡು ಗ್ರಾಹಕಗಳನ್ನು ಜೋಡಿಸುತ್ತದೆ. ಜೋಡಿಯಾದವು ಒಳಗಡೆ ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ 'ಬದುಕು, ಬೆಳೆ' ಎಂಬ ಸಂದೇಶ ನರದ ತುದಿಯಿಂದ ಕೋಶದ ಒಡಲಿಗೆ ಸಾಗುತ್ತದೆ. ಬೆಳೆಯುವ ಹಂತದಲ್ಲಿ ಅದು ತಲುಪದಿದ್ದರೆ ನೋವಿನ ನರ ಸಾಯುತ್ತದೆ.

1996ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮನುಷ್ಯರಲ್ಲೇ ತೋರಿಸಿದರು. ಈ ಗ್ರಾಹಕದ ಜೀನ್ ಕೆಟ್ಟರೆ ಮಗುವಿಗೆ ಹುಟ್ಟಿನಿಂದಲೇ ನೋವು ತಿಳಿಯದು, ಬೆವರೂ ಬಾರದು. ಸುಟ್ಟರೂ, ನಾಲಿಗೆ ಕಚ್ಚಿಕೊಂಡರೂ, ಮೂಳೆ ಮುರಿದರೂ ಅಳುವುದಿಲ್ಲ. ಬಿಸಿಲಿಗೆ ಮೈ ಕಾದು ಜ್ವರ ಏರುತ್ತದೆ.

ಕಾಯಿಲೆ ಬಲು ಅಪರೂಪ. ಆದರೂ ಪೆಟ್ಟಾದರೂ ಅಳದ, ಬೆವರದ ಮಗು ಕಂಡರೆ 'ಗಟ್ಟಿ ಕೂಸು' ಅಂತ ಹೊಗಳಿ ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ.