ಪಯಣದ ಹಡಗು, ದಂಡಿನ ಹಡಗು

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಘಟಪ್ರಭೆ ಹತ್ತಿರ, ಕಡಲು ದೂರ. ಆದರೂ ಈ ಸೀಮೆಯಿಂದ ಬೆಳಗಾವಿಯ ಮರಾಠಾ ಪದಾತಿದಳವನ್ನು ಸೇರಿದವರು ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣಾಂಗಣಕ್ಕೆ ಹೋದದ್ದು ಹಡಗಿನಲ್ಲಿಯೇ.

ಅದಕ್ಕೆಂದು ಸರಕಾರ ಪ್ರಯಾಣಿಕರ ಹಡಗುಗಳನ್ನೇ ವಶಪಡಿಸಿಕೊಂಡಿತ್ತು. 1926ರಲ್ಲಿ ಕಟ್ಟಿದ ‘ರಾಜುಲಾ’, ‘ರೋಹ್ನಾ’ಗಳು ಮದರಾಸು-ಸಿಂಗಪುರಗಳ ನಡುವೆ ಓಡಾಡುತ್ತಿದ್ದವು, ಯುದ್ಧದಲ್ಲಿ ಎರಡೂ ದಂಡನ್ನು ಹೊತ್ತವು. 1943ರ ನವೆಂಬರ್ 26ರಂದು ಅಲ್ಜೀರಿಯದ ಬಳಿ ಜರ್ಮನ್ ವಿಮಾನದ ಬಾಂಬಿಗೆ ‘ರೋಹ್ನಾ’ ಮುಳುಗಿತು. ಭಾರತದತ್ತ ಬರುತ್ತಿದ್ದ ಸಾವಿರಕ್ಕೂ ಮಿಕ್ಕ ಅಮೆರಿಕದ ಸೈನಿಕರೊಡನೆ ನೂರಕ್ಕೂ ಹೆಚ್ಚು ನಾವಿಕರು ಮಡಿದರು; ಅವರಲ್ಲಿ ಬಹುಮಂದಿ ಭಾರತೀಯರು. ‘ರಾಜುಲಾ’ ಉಳಿದು, ಮತ್ತೆ ಪ್ರಯಾಣಿಕರನ್ನು ಹೊತ್ತಿತು.

ನಮ್ಮ ಹಿರಿಯರು ಯಾವ ಹಡಗನ್ನೇರಿದ್ದರೆಂದು ನಾವು ಕೇಳಲಿಲ್ಲ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ದಂಡಿನ ಕಾಗದವಿದ್ದರೆ ದಯವಿಟ್ಟು ಎಸೆಯಬೇಡಿ. ಈ ಸೀಮೆಯ ಕಡಲ ಚರಿತ್ರೆ ಅದರಲ್ಲಿದೆ.